ನಾನು ತೆಗೆದ ಪುಟ

ಮಾರ್ಚ್ 5, ಬುಧವಾರ

ಕೀಲ್ಪಾಕ್‌ನ ಸಂಶೋಧನಾ ಕೇಂದ್ರದಲ್ಲಿ ಹೊಸ ಮದ್ದನ್ನು ಜನರ ಮೇಲೆ ಪರೀಕ್ಷಿಸಲು ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಮೀಟಿಂಗ್. ಹನ್ನೊಂದು ಫೈಲು, ಎರಡು ಗಂಟೆ. ನಾನು ಅಲ್ಲಿ ‘ಸಾಮಾನ್ಯ ಜನರ ಪ್ರತಿನಿಧಿ’. ಒಬ್ಬ ಹೆಂಗಸೂ ಬೇಕು, ಡಾಕ್ಟರಲ್ಲದವರೂ ಬೇಕು. ವಡಪಳನಿಯಲ್ಲಿ ಹೋಟೆಲ್ ನಡೆಸುವ ನನ್ನನ್ನು ಕೂರಿಸಿದರೆ ಎರಡೂ ಮುಗಿಯಿತು.

ಎಚ್‌ಐವಿ ಇಂಜೆಕ್ಷನ್ ಸ್ಟಡಿ ನಿಲ್ಲುತ್ತದಂತೆ. ದಿನಾ ಮಾತ್ರೆಯ ಬದಲು ಎರಡು ತಿಂಗಳಿಗೊಂದು ಸೂಜಿ. ಮದ್ದು ಚೆನ್ನಾಗಿಯೇ ಕೆಲಸ ಮಾಡಿದೆ. ಆದರೆ ಕಂಪನಿ ಇಲ್ಲಿ ಮಾರುವುದಿಲ್ಲ, ಇನ್ನು ಕೊಡುವುದೂ ಇಲ್ಲ. ಮೂವತ್ತೆಂಟು ಜನ ವಾಪಸ್ ಸರ್ಕಾರಿ ಮಾತ್ರೆಗೆ.

“ಹೀಗಾಗಬಹುದು ಅಂತ ಅವರಿಗೆ ಮೊದಲೇ ಹೇಳಿದ್ದೀರಾ?” ಎಂದೆ.

ಸ್ಟಡಿ ನಡೆಸುವ ಡಾ. ಪ್ರಭುದೇವ ನಕ್ಕರು. “ಅದ ಅಲ್ರೀ ಹರ್ಷಿಣಿ ಮೇಡಂ, ಇಂಗ್ಲಿಷ್ ಒಪ್ಪಿಗೆ ಫಾರಂನಾಗ, ಹದಿನಾಲ್ಕನೇ ಪುಟ.”

ಈ ತಮಿಳು ಊರಿನ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆಂದು ಮಾಡಿದ ಕನ್ನಡ ಫಾರಂನಲ್ಲಿ? ಕೇಳಲಿಲ್ಲ. ಇಲ್ಲವೆಂದು ಗೊತ್ತು. ಎರಡು ವರ್ಷದ ಹಿಂದೆ “ಹತ್ತೊಂಬತ್ತು ಪುಟ ಯಾರು ಓದ್ತಾರೆ, ನಮ್ಮ ಹೋಟೆಲಿನವರು ಮೂರನೇ ಪುಟಕ್ಕೇ ಆಕಳಿಸ್ತಾರೆ” ಎಂದವಳು ನಾನೇ. ಕೂತು ಆರು ಪುಟಕ್ಕೆ ಇಳಿಸಿದೆ. ‘ಸ್ಟಡಿ ಮುಗಿದ ಮೇಲೆ’ ಎಂಬ ಭಾಗ ಉದ್ದ, ಬರೀ ವಕೀಲರ ಭಾಷೆ. ತೆಗೆದೆ. ಎಲ್ಲರೂ ಹೊಗಳಿದರು.

ಸ್ಟಡಿ ನಿಲ್ಲಿಸುವ ಕಾಗದಕ್ಕೆ ಇವತ್ತೂ ಸಹಿ ಹಾಕಿ ಬಂದೆ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ 3.30

ಕೌಂಟರಿನಲ್ಲೇ ಕೂತು ಬರೆಯುತ್ತಿದ್ದೇನೆ.

ಊಟದ ರಶ್ ಇಳಿದ ಮೇಲೆ ನಮ್ಮ ಅಡುಗೆಯ ಬಾಬು ಬಂದ. ಕಾರ್ಕಳದವನು. ನಮ್ಮ ಸಾಂಬಾರಿಗೆ ಹೆಸರು ಬಂದದ್ದು ಅವನಿಂದ.

“ಅಕ್ಕ, ಇದು ಇಂಗ್ಲಿಷ್. ಓದಿ ಹೇಳ್ತೀರಾ?”

ಸ್ಟಡಿ ನಿಂತಿದೆ ಎಂಬ ಪತ್ರ. ಜೊತೆಗೆ ಮಡಚಿಟ್ಟ ನನ್ನ ಆರು ಪುಟ. ಮೂವತ್ತೆಂಟರಲ್ಲಿ ಬಾಬು ಒಬ್ಬ! ಕಮಿಟಿಗೆ ಹೆಸರು ತೋರಿಸುವುದಿಲ್ಲ, ನಂಬರ್ ಮಾತ್ರ.

“ನಿಮ್ಮ ಹತ್ರ ಮಾತ್ರ ಹೇಳುದು. ಹಿಂದಿನ ಹೋಟೆಲಲ್ಲಿ ರೂಮಿನವರು ಮಾತ್ರೆ ಡಬ್ಬಿ ನೋಡಿದ್ರು. ಮರುದಿನ ನನ್ನ ಚಾಪೆ ಹೊರಗೆ. ಸೂಜಿ ಆದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಅಂತ ಸೇರಿದ್ದು. ನಿಲ್ಲಿಸ್ತೇವೆ ಅಂತ ಇದ್ರಲ್ಲಿ ಎಲ್ಲಿ ಉಂಟು, ತೋರ್ಸಿ.”

“ಎಲ್ಲಿಯೂ ಇಲ್ಲ,” ಎಂದೆ.

“ಬರ್ದವರು ಒಳ್ಳೆಯವರು ಅಕ್ಕ. ನಮ್ಮ ಹತ್ರ ಕೂತು ಮಾತಾಡಿದ ಹಾಗೆ ಬರ್ದಿದ್ದಾರೆ. ಅದಕ್ಕೇ ಸಹಿ ಹಾಕಿದ್ದು.”

ಅದು ನಾನೇ ಎಂದು ಹೇಳಬೇಕಿತ್ತು. ಕಾಫಿ ಕುಡೀತೀಯಾ ಎಂದೆ. ಹೇಡಿ ನಾನು.

ಮಾರ್ಚ್ 10

ಪ್ರಭುದೇವರಿಗೆ ಫೋನ್.

“ಮಾತ್ರೆ ಫ್ರೀ ಸಿಗ್ತಾವಲ್ರೀ. ಯಾರಿಗೂ ಟ್ರೀಟ್‌ಮೆಂಟ್ ತಪ್ಪಿಸಿಲ್ಲ. ಸೂಜಿ ಬಲ ಇಳಿಯೋವಾಗ ಮಾತ್ರೆ ಬಿಡಬಾರದು ಅಷ್ಟೇ. ಬಿಟ್ರೆ ವೈರಸ್ ಮದ್ದಿಗೆ ಒಗ್ಗಿಬಿಡ್ತದ, ಆಮೇಲೆ ಮಾತ್ರೇನೂ ನಾಟೋದಿಲ್ಲ.”

ಕನ್ನಡ ಫಾರಂ ವಿಷಯ ಎತ್ತಿದೆ. “ಕಮಿಟಿ ಒಪ್ಪಿದ್ದರೀ ಅದು. ನಿಮ್ಮ ಸಹಿನೂ ಅದ.”

ಸೂಜಿ ಮುಂದುವರಿಸಿ ಎಂದು ಕಂಪನಿಗೆ, ಕಮಿಟಿಗೆ ಪತ್ರ ಬರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾರ್ಚ್ 29, ಶನಿವಾರ

ಪತ್ರಕ್ಕೆ ಉತ್ತರ ಬಂತು: ‘ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು.’ ಮುಂದಿನ ಸಭೆ ಜೂನ್‌ನಲ್ಲಿ.

ಬಾಬುವಿನ ಸರ್ಕಾರಿ ಮಾತ್ರೆಯ ಡಬ್ಬಿ ನನ್ನ ಕೌಂಟರ್ ಡ್ರಾಯರಿನಲ್ಲಿತ್ತು. ನನ್ನದೇ ಐಡಿಯಾ. ಬೆಳಿಗ್ಗೆ ಬಂದು ನುಂಗಿ ಹೋಗುತ್ತಿದ್ದ. ಎರಡು ವಾರ ಸರಿಯಾಗಿ ನಡೆಯಿತು. ಇವತ್ತು ಸಪ್ಲೈಯರ್ ಸುಕೇಶ್ ಪೆನ್ನು ಹುಡುಕುತ್ತ ಡ್ರಾಯರ್ ಎಳೆದ. ದಿನಾ ನುಂಗುವವನು ಯಾರೆಂದು ಅವನು ನೋಡಿದ್ದ. ಮಾತ್ರೆಯ ಹೆಸರನ್ನು ಫೋನಿನಲ್ಲಿ ಹಾಕಿ ನೋಡಿದ.

“ಎಂತ ಅಕ್ಕ, ಇವನಾ ನಮ್ಗೆ ಅಡುಗೆ ಮಾಡುದು?” ಇಡೀ ಅಡುಗೆಮನೆಗೆ ಕೇಳುವ ಹಾಗೆ.

ಬೈದೆ. ಉಂಡರೆ, ಮುಟ್ಟಿದರೆ ಬರುವುದಲ್ಲ ಎಂದೆ. ಎಲ್ಲರೂ ತಲೆಯಾಡಿಸಿದರು. ಮಧ್ಯಾಹ್ನ ಎಲ್ಲರೂ ಮೊಸರನ್ನ ಮಾತ್ರ ಉಂಡರು. ಬಾಬು ಸಾಂಬಾರಿನ ಪಾತ್ರೆಯ ಪಕ್ಕ ಸೌಟು ಹಿಡಿದು ನಿಂತೇ ಇದ್ದ.

ಏಪ್ರಿಲ್ 2

ಬಾಬು ಇಲ್ಲ. ಡಬ್ಬಿ ಡ್ರಾಯರಿನಲ್ಲೇ ಇದೆ. ಫೋನ್ ಸ್ವಿಚ್ ಆಫ್.

ಏಪ್ರಿಲ್ 24, ಗುರುವಾರ

ಅಂತೂ ಫೋನಿನಲ್ಲಿ ಸಿಕ್ಕಿದ. ಕೊಯಮತ್ತೂರಿನ ಯಾವುದೋ ಮೆಸ್.

ಮಾತ್ರೆ? “ಇಲ್ಲ ಅಕ್ಕ. ರೂಮಲ್ಲಿ ಎಂಟು ಜನ. ಈಗ ಯಾರಿಗೂ ಗೊತ್ತಿಲ್ಲ. ಹೀಗೇ ಆರಾಮ ಉಂಟು.”

ಮೂರು ವಾರವಾಯಿತು ಬಿಟ್ಟು. ವಾಪಸ್ ಬಾ, ಬೇರೆ ರೂಮು ಕೊಡ್ತೇನೆ ಎಂದೆ.

“ಬಂದು ಯಾರಿಗೆ ಬಡಿಸ್ಲಿ?”

ಆಗ ಹೇಳಿಬಿಟ್ಟೆ — ಫಾರಂ ಬರೆದದ್ದು ನಾನು, ಆ ಪುಟ ತೆಗೆದದ್ದೂ ನಾನೇ.

ಹಿಂದಿನಿಂದ ಪಾತ್ರೆ ತೊಳೆಯುವ ಸದ್ದು.

“ಓದಿ ಹೇಳಿ ಅಂತ ನಿಮ್ಮ ಹತ್ರವೇ ಬಂದೆನಲ್ಲ ಅಕ್ಕ.”

ಬೈಯಲಿಲ್ಲ. ನಾಳೆಯೇ ಬಸ್ ಹತ್ತುತ್ತೇನೆ, ಡಬ್ಬಿ ತರುತ್ತೇನೆ, ಮೆಸ್ಸಿನ ಹೆಸರು ಹೇಳು ಎಂದೆ. “ಬೇಡ ಅಕ್ಕ, ಡಬ್ಬಿ ಬಂದ್ರೆ ಇಲ್ಲಿಯೂ ಗೊತ್ತಾಗ್ತದೆ,” ಎಂದು ಅವನು ಫೋನ್ ಇಟ್ಟ.