ತೊಳೆದು ಕಳಿಸಿದ ಡಬ್ಬಿ

ಲೆಕ್ಕಪತ್ರ ವಿಭಾಗದ ಮೇಡಂ ಅವರಿಗೆ ನಮಸ್ಕಾರ.

ನೀವು ಆಫೀಸಿನಲ್ಲಿ ನಮ್ಮ ಯಜಮಾನರಿಗೆ ಕೊಡುವ ಊಟದ ಡಬ್ಬಿಯನ್ನು ತೊಳೆದು, ಒಳಗೆ ಈ ಪತ್ರ ಇಟ್ಟಿದ್ದೇನೆ. ತೊಳೆದ ಡಬ್ಬಿಯನ್ನು ಇವರು ಎಂದೂ ತೆರೆದು ನೋಡುವವರಲ್ಲ.

ಇವರದು ಕೀಟೋ ಪಥ್ಯ, ಅನ್ನ, ಸಕ್ಕರೆ ಕೂಡದು. ಅದರ ಮೇಲೆ ಇವರಿಗೆ ಮೊಟ್ಟೆ, ಹಾಲು, ಕಡಲೆಕಾಯಿ ಅಲರ್ಜಿ. ಉಳಿದದ್ದರಲ್ಲಿ ರುಚಿ ಹುಟ್ಟಿಸುವ ಕಷ್ಟ ನನಗೆ ಗೊತ್ತು. ಅನ್ನದ ಬದಲಿಗೆಂದು ಹೂಕೋಸು ತುರಿದು ತುರಿದು ನನ್ನ ಬೆರಳು ಸವೆದರೂ ಇವರ ಬಾಯಲ್ಲಿ ಬರುವುದು "ಹ್ಞೂಂ, ತಿನ್ನಬಹುದು" ಅಷ್ಟೇ. ನಿಮ್ಮ ಮೀನು ತಿಂದ ದಿನ ಚಪ್ಪಲಿ ಬಿಡುವ ಮೊದಲೇ, "ಏನ್ ಕೈರುಚಿ ಕಣೇ ಅವರದು! ಸ್ವಲ್ಪ ಕೇಳಿ ಕಲ್ತುಕೋಬಾರದಾ?" ಅಂದರು. ಕಲಿಯೋಣವೆಂದೇ ಡಬ್ಬಿಯ ಮೂಲೆಯನ್ನು ಬೆರಳಲ್ಲಿ ಸವರಿ ನೆಕ್ಕಿ ನೋಡಿದೆ. ಎಳ್ಳೆಣ್ಣೆ!

ಎಳ್ಳೂ ಇವರಿಗೆ ಆಗಿಬರುವುದಿಲ್ಲ. ಒಮ್ಮೆ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ್ದೆವು. ಇವರು ನಿಮಗೆ ಹೇಳಿಲ್ಲ, ಅಲ್ಲವೇ? ಹೇಳಿದರೆ ಎಲ್ಲಿ ಡಬ್ಬಿ ನಿಂತುಹೋಗುತ್ತದೋ ಎಂಬ ಭಯ. ನಿನ್ನೆ ಬಟ್ಟೆ ಒಗೆಯುವಾಗ ಅಂಗಿಯ ಜೇಬಿನಲ್ಲಿ ಅಲರ್ಜಿ ಮಾತ್ರೆಯ ಖಾಲಿ ಸ್ಟ್ರಿಪ್ ಸಿಕ್ಕಿತು. ಕೇಳಿದರೆ, "ಊಟಕ್ಕೆ ಮುಂಚೆ ಒಂದು ನುಂಗಿದ್ರೆ ಏನೂ ಆಗಲ್ಲ ಬಿಡೇ" ಅಂದರು. ಅದನ್ನು ನಂಬಿ ಕೂರಬೇಡಿ.

ದಯವಿಟ್ಟು ಎಣ್ಣೆ ಬದಲಿಸಿ. ತೆಂಗಿನೆಣ್ಣೆ ಆಗುತ್ತದೆ. ಡಬ್ಬಿಯನ್ನೇ ನಿಲ್ಲಿಸಿ ಎನ್ನುವಷ್ಟು ಸಣ್ಣ ಮನಸ್ಸಿನವಳಲ್ಲ ನಾನು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟೇ.

ನನ್ನ ಅಡುಗೆ ಉಣ್ಣಲೆಂದು ಇಷ್ಟು ವರ್ಷಗಳಲ್ಲಿ ಇವರು ಒಂದು ದಿನವೂ ಮಾತ್ರೆ ನುಂಗಿ ಕೂತವರಲ್ಲ.

ಇಂತಿ,
ನಿಮ್ಮ ಸಹೋದ್ಯೋಗಿಯ ಹೆಂಡತಿ