ಹದಿನೇಳನೆಯ ಫೋಟೋ

ಮಾನ್ಯ ಕೌಂಟ್ ವೋಬ್ರೆಕ್ ಅವರಿಗೆ,

ನೀವು ಪ್ರವಾಸಿ ಪುಸ್ತಿಕೆಗೆಂದು ಕೇಳಿದ್ದ, ನಿಮ್ಮ ಅರಮನೆಯ ಮತ್ತು ಹಳೇ ಪೇಟೆಯ ಹದಿನಾರು ಫೋಟೋಗಳು ಇದರೊಂದಿಗಿವೆ. ಹದಿನೇಳನೆಯದು ನೀವು ಕೇಳಿದ್ದಲ್ಲ, ನಮ್ಮಮ್ಮನ ಅಡುಗೆಮನೆಯದು.

ಶನಿವಾರ ನಿಮ್ಮ ಬೇಟೆನಾಯಿಗಳಿಗೆ ಹೆದರಿ ಸಾರಂಗವೊಂದು ಅಲ್ಲಿಗೆ ನುಗ್ಗಿತು. ಹಿಂದೆಯೇ ಬಂದ ನಿಮ್ಮ ಮಗನಿಗೆ ಅಮ್ಮ ಅಡ್ಡ ನಿಂತು, "ಇದು ನನ್ ಮನೆ ಕಣಯ್ಯಾ, ನಿಮ್ಮಪ್ಪನ ಕಾಡಲ್ಲ!" ಅಂದಳು. ಅವನು "ಸರ್ಕೊಳ್ಳೇ ಮುದುಕಿ" ಎಂದು ಅವಳನ್ನು ಒಲೆಯ ಮೇಲಕ್ಕೆ ತಳ್ಳಿ, ಸಾರಂಗದ ಎದೆಗೆ ಬಾಕು ಇಳಿಸಿದ. ಅಮ್ಮನ ತೋಳು ಮುರಿದಿದೆ.

ಬೇಟೆಯ ಪದ್ಧತಿಯಂತೆ ಗೌರವಕ್ಕೆಂದು ನೀವು ಅಮ್ಮನಿಗೆ ಕಳಿಸಿದ ಸಾರಂಗದ ಕಾಲನ್ನು ವಾಪಸು ಕಳಿಸಿದ್ದೇನೆ.

ನೆತ್ತರು ಬಿದ್ದ ನೆಲವನ್ನು ಒರೆಸಲು ಅಮ್ಮ ಯಾರನ್ನೂ ಬಿಡುತ್ತಿಲ್ಲ. ದಯವಿಟ್ಟು ನಿಮ್ಮ ಮಗನನ್ನೇ ಕಳಿಸಿ. ಬಕೆಟ್ಟು, ಬಟ್ಟೆ ನಮ್ಮಲ್ಲೇ ಇವೆ. ಅವನು ಮಂಡಿಯೂರಿದಾಗ ಹದಿನೆಂಟನೆಯದನ್ನು ತೆಗೆಯುತ್ತೇನೆ.

ಇಂತಿ,
ಸೊಲೆನ್ ಗಾರೆಕ್, ಫೋಟೋಗ್ರಾಫರ್