ಬಿಸಿಯಾದ ಮೇಲೆ

ಅಕ್ಕಾ,

ಈ ಕಾಗದ ಹರಿದು ಹಾಕುವ ಮುಂಚೆ ಒಮ್ಮೆ ಓದು. ಅಪ್ಪನ ಹಳೇ ಸ್ಪೋರ್ಟ್ಸ್ ಕಾರನ್ನು ಗುಜರಿಗೆ ಹಾಕೋಣವೆಂದು ನಿನ್ನೆ ಅದರ ಸ್ಪೀಡ್ ತೋರಿಸುವ ಡಿಜಿಟಲ್ ಮೀಟರ್ ಬಿಚ್ಚಿದೆ. ಕರೆಂಟ್ ಕೊಟ್ಟು, ಆರಿಸಲು ಮರೆತು ಊಟಕ್ಕೆ ಹೋದೆ. ಬಂದು ನೋಡಿದರೆ ಪರದೆ ಕಪ್ಪಗಾಗಿತ್ತು. ಬಿಸಿಯಾದರೆ ಒಳಗಿನ ಒಂದು ಬೆಸುಗೆ ಬಿಟ್ಟುಕೊಳ್ಳುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ.

ಅದೇ ಕಾರು ನೀನು ಓಡಿಸುವಾಗ ಅಪಘಾತವಾದ ಮೇಲೆ, "ಮೀಟರ್ ಆರಿಹೋಯ್ತು ಕಣೋ, ಸ್ಪೀಡೇ ಕಾಣಲಿಲ್ಲ" ಎಂದು ಬಡಕೊಂಡೆ. ನಾನು ದೊಡ್ಡ ಮೆಕ್ಯಾನಿಕ್ಕಿನ ಹಾಗೆ ಐದೇ ನಿಮಿಷ ಹಚ್ಚಿ ನೋಡಿ, "ಮೀಟರ್ ಸರಿಯಾಗೇ ಇದೆ" ಅಂದುಬಿಟ್ಟೆ. ಭಾವ ಸತ್ತದ್ದು ನಿನ್ನಿಂದಲೇ ಎಂದು ಅಪ್ಪ ನಿನ್ನನ್ನು ಮನೆಯಿಂದ ಕಳಿಸಿದರು.

ಇವತ್ತು ಅವರ ಪಕ್ಕ ಕೂತು ಎಲ್ಲ ಹೇಳಿದೆ. ಮರೆವು ಪೂರ್ತಿ ಆವರಿಸಿದೆ. "ನಿನಗೊಬ್ಬಳು ಅಕ್ಕ ಇದ್ದಾಳಾ?" ಎಂದು ಕೇಳಿದರು.

ಬೆಸುಗೆ ಮುಟ್ಟಿಲ್ಲ. ಬಂದರೆ ಅರ್ಧ ಗಂಟೆ ಹಚ್ಚಿಟ್ಟು ತೋರಿಸುತ್ತೇನೆ. ನೋಡುವುದಕ್ಕೆ ಇನ್ನು ನಾವಿಬ್ಬರೇ.

ನಿನ್ನ ತಮ್ಮ